ಒಂದೇ ಮಗುವಿಗೆ ಮೂರು ವಯಸ್ಸು

ಬೆಂಗಳೂರಿನಲ್ಲಿ, ಗೆಳತಿಯೊಬ್ಬರ ಮನೆಯ ಮಹಡಿಯ ಮೇಲೆ, ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ಶನಿವಾರ ಶನಿವಾರ ಕನ್ನಡ ಸಾಹಿತ್ಯ ಓದಿಸುತ್ತೇನೆ, ಬರೆಸುತ್ತೇನೆ. ವಿಚಾರಿಸಲು ಬರುವ ತಂದೆತಾಯಿ ಮೊದಲು ಕೇಳುವುದು, "ಯಾವ ವಯಸ್ಸಿನವರಿಗೆ?" 7ರಿಂದ 15ರವರೆಗೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ ಎಂದರೆ ಅವರ ಮುಖ ಸಣ್ಣದಾಗುತ್ತದೆ. ದೊಡ್ಡವರಿಗೆ ಬೇಸರ, ಚಿಕ್ಕವರಿಗೆ ತಲೆಬುಡ ತಿಳಿಯದು, ಗುಂಪು ಮಾಡಿ ಎಂಬ ಸಲಹೆ ಬರುತ್ತದೆ. ಶಾಲೆಯನ್ನು ಧೈರ್ಯವಾಗಿ ಬಿಟ್ಟು ಬಂದವರೂ ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬ ಮೆಟ್ಟಿಲುಗಳನ್ನು ಮಾತ್ರ ಮನೆಯೊಳಗೆ ತಂದಿಟ್ಟುಕೊಂಡಿರುತ್ತಾರೆ.

ಗಣಿತಕ್ಕೆ ಆ ಮೆಟ್ಟಿಲು ಬೇಕಿರಬಹುದು. ಸಾಹಿತ್ಯಕ್ಕೆ ಅದು ಹೊಂದುವುದಿಲ್ಲ ಎಂಬುದೇ ನನ್ನ ತಕರಾರು. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಮಕ್ಕಳ ಪುಸ್ತಕಗಳ ಹೊದಿಕೆಯ ಮೇಲೆ ಇಂಥ ವಯಸ್ಸಿನವರಿಗೆ ಎಂದು ಅಚ್ಚು ಹಾಕಲು ಹೊರಟಾಗ ಫಿಲಿಪ್ ಪುಲ್‌ಮನ್ ಮತ್ತಿತರ ಲೇಖಕರು ಎದ್ದು ನಿಂತು ವಿರೋಧಿಸಿದರು. ಆ ವಿರೋಧ ನ್ಯಾಯವಾದದ್ದು. ನಿಧಾನವಾಗಿ ಓದುವ 11ರ ಹುಡುಗನ ಕೈಯಲ್ಲಿ 7 ಎಂದು ಬರೆದ ಪುಸ್ತಕ ಇಟ್ಟರೆ ಅವನಿಗಾಗುವ ಅವಮಾನವನ್ನು ಕಥೆ ಎಷ್ಟೇ ಚೆನ್ನಾಗಿದ್ದರೂ ಅಳಿಸಲಾರದು.

ಕನ್ನಡದ ಮಟ್ಟಿಗೆ ಈ ಅವಮಾನ ಇನ್ನೂ ಹೆಚ್ಚು. ನನ್ನ ಬಳಿ ಬರುವ 13ರ ಹುಡುಗಿಯೊಬ್ಬಳು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ವಾರಕ್ಕೊಂದರಂತೆ ಮುಗಿಸುತ್ತಾಳೆ. ಮನೆಯಲ್ಲಿ ಅಜ್ಜಿಯ ಜೊತೆ ಅರಳು ಹುರಿದಂತೆ ಕನ್ನಡ ಮಾತಾಡುತ್ತಾಳೆ. ಕನ್ನಡ ಪುಟ ತೆರೆದರೆ ಮಾತ್ರ ಪ್ರತಿ ಒತ್ತಕ್ಷರಕ್ಕೂ ಎಡವುತ್ತಾಳೆ. ಬರೆಯುವಾಗ ಇನ್ನೂ ಹಿಂದೆ. ಅವಳ ಕಿವಿಗೆ 13, ಕಣ್ಣಿಗೆ 8, ಕೈಗೆ 6. ಇವಳನ್ನು ಯಾವ ಗುಂಪಿನಲ್ಲಿ ಕೂರಿಸುವುದು? ಅಮೆರಿಕದಲ್ಲಿ ಕನ್ನಡಿಗರ ಮಕ್ಕಳಿಗೆ ನಡೆಯುವ ಕನ್ನಡ ಕಲಿ ತರಗತಿಗಳಲ್ಲೂ ಇದೇ ಕಷ್ಟ. ಅಕ್ಷರ ಬರದು ಎಂಬ ಒಂದೇ ಕಾರಣಕ್ಕೆ ಬೆಳೆದ ಹುಡುಗರ ಮುಂದೆ 'ಅ ಅರಸ' ಪುಸ್ತಕ ತೆರೆದಿಟ್ಟರೆ, ಕನ್ನಡದಲ್ಲಿ ಇರುವುದೇ ಇಷ್ಟು ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನವನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ.

ಆದ್ದರಿಂದ ನಾನು ಕಿವಿಯಿಂದ ಶುರುಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ತೇಜಸ್ವಿಯವರ 'ಕರ್ವಾಲೊ'ವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿದೆ. 1980ರಲ್ಲಿ ಬಂದ ಈ ಕಾದಂಬರಿ ಮಕ್ಕಳಿಗೆಂದು ಬರೆದದ್ದಲ್ಲ. 7ರ ಹುಡುಗನಿಗೆ ಅದರಲ್ಲಿ ಕಂಡದ್ದು ಕಿವಿ ಎಂಬ ನಾಯಿ. ಕಿವಿ ಬಾರದ ಪುಟಗಳಲ್ಲಿ ಚಡಪಡಿಸಿದ. 10ರವರಿಗೆ ಕಾದಂಬರಿಯ ಹಳ್ಳಿಗ ಮಂದಣ್ಣ ಪ್ರಾಣಸ್ನೇಹಿತನಾದ. ಕಾದಂಬರಿಯವರೆಲ್ಲ ಹುಡುಕಿಕೊಂಡು ಹೋದ ಹಾರುವ ಓತಿ ಕೊನೆಗೆ ಎಲ್ಲರ ಕೈತಪ್ಪಿ ತೇಲಿಹೋದಾಗ 14ರ ಹುಡುಗ ಸಿಟ್ಟಾದ. ಇಷ್ಟು ಹುಡುಕಿ ಪುರಾವೆಯೇ ಸಿಗಲಿಲ್ಲವಲ್ಲ, ಜನ ನಂಬುವುದು ಹೇಗೆ ಎಂದ. ಆಗ 7ರವನು, "ನಾವೆಲ್ಲ ನೋಡಿದ್ವಲ್ಲ" ಎಂದ. ನಾವೆಲ್ಲ! ಕೇಳಿದ್ದನ್ನು ಆ ಹುಡುಗ ಕಂಡದ್ದೆಂದೇ ನಂಬಿದ್ದ. ದೊಡ್ಡ ಹುಡುಗ ಬಹಳ ಹೊತ್ತು ಸುಮ್ಮನೆ ಕೂತ. ಒಂದೇ ವಯಸ್ಸಿನ ಹತ್ತು ಮಕ್ಕಳ ನಡುವೆ ಆ ಮಾತು ಹುಟ್ಟುತ್ತಿರಲಿಲ್ಲ. ಯಕ್ಷಗಾನದ ಬಯಲಿನಲ್ಲೂ ಹೀಗೇ ತಾನೆ? ಬಣ್ಣದ ವೇಷ ಬಂದಾಗ ನಿದ್ದೆ ಕೊಡವಿ ಏಳುವ ಮಗುವಿಗೂ ಅರ್ಥಗಾರಿಕೆಗೆ ಕಾದು ಕೂತ ಅಜ್ಜನಿಗೂ ಬೇರೆ ಬೇರೆ ಆಟ ಆಡುವುದಿಲ್ಲ.

ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸುವುದು ಬಡ ಊರಿನ ಏಕೋಪಾಧ್ಯಾಯ ಶಾಲೆಯ ಅನಿವಾರ್ಯತೆ ಎಂದು ಹಲವರ ಎಣಿಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಆ ಎಣಿಕೆಗೆ ಉತ್ತರ ಕೊಟ್ಟಿದೆ. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕಲಿಯುತ್ತಾರೆ. ನಗರದ ಮನೆಶಾಲೆಯವರು ವಿದೇಶದ ಪಠ್ಯಕ್ರಮ ತರಿಸುವ ಮೊದಲು ಒಂದು ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದು ದಿನ ಕೂತು ಬರಲಿ ಎಂಬುದು ನನ್ನ ಆಸೆ.

ಇನ್ನೊಂದು ಕಡೆಯಿಂದ ಬರುವ ನಂಬಿಕೆಯನ್ನೂ ನಾನು ಒಪ್ಪಲಾರೆ. ಶಾಲೆ ಬೇಡವೆಂದ ಅಮೆರಿಕದ ಜಾನ್ ಹೋಲ್ಟ್ ಅವರ ಬರಹಗಳಿಂದ ಸ್ಫೂರ್ತಿ ಪಡೆದ ಅನೇಕರು, ಮಗು ಓದುತ್ತಾ ಹೋದರೆ ಬರವಣಿಗೆ ತಾನಾಗಿ ಬರುತ್ತದೆ ಎನ್ನುತ್ತಾರೆ. ಓದು ತಾನಾಗಿ ಹತ್ತಿದ ಮಕ್ಕಳನ್ನು ಕಂಡಿದ್ದೇನೆ. ಬರಹ ಹಾಗಲ್ಲ, ಅದಕ್ಕೆ ಎದುರಿಗೊಬ್ಬ ಕೇಳುಗ ಬೇಕು. ಮನೆಯಲ್ಲಿ ಅಮ್ಮ ಅರ್ಧ ಮಾತಿಗೇ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ. ಅಂಥ ಓದುಗರ ಮುಂದೆ ವಾಕ್ಯ ಪೂರ್ತಿಗೊಳಿಸುವ ಗರಜೇ ಹುಟ್ಟುವುದಿಲ್ಲ. ಅರ್ಥವಾಗದೆ "ಹಂಗಂದ್ರೆ?" ಎಂದು ಕೇಳುವ ಚಿಕ್ಕ ಮಗುವೊಂದು ಎದುರಿಗಿದ್ದರೆ ಆ ಗರಜು ತಟ್ಟನೆ ಹುಟ್ಟುತ್ತದೆ.

ಇಂಗ್ಲೆಂಡಿನ ಷಾರ್ಲೆಟ್ ಮೇಸನ್ 1886ರ ತಮ್ಮ 'ಹೋಮ್ ಎಜುಕೇಶನ್' ಪುಸ್ತಕದಲ್ಲಿ, ಕೇಳಿದ ಕಥೆಯನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದಕ್ಕೆ ಬಹಳ ಬೆಲೆ ಕೊಟ್ಟರು. "ಎಲ್ಲಿ, ನೀನೇ ಹೇಳು ನೋಡಾಣ" ಎನ್ನುವ ಅಜ್ಜಿಯರೂ ಅದನ್ನೇ ಮಾಡಿಸುತ್ತಿದ್ದರು. ನಾನು ಅದಕ್ಕೆ ಒಂದು ಹೆಜ್ಜೆ ಸೇರಿಸಿದ್ದೇನೆ: ಚಿಕ್ಕವರು ಹೇಳಬೇಕು, ದೊಡ್ಡವರು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು. ಕೈ ಬಲಿಯದ ಮಗುವಿನ ಕಥೆ ಹಾಳೆಯ ಮೇಲೆ ನಿಲ್ಲುತ್ತದೆ. ಬರೆಯುವವರಿಗೆ ವಾಕ್ಯ ಎಲ್ಲಿ ಮುಗಿಯಿತು, ಎಲ್ಲಿ ಉಸಿರು ತೆಗೆದುಕೊಂಡಿತು ಎಂದು ಕಿವಿಗೊಡುವುದು ಅಭ್ಯಾಸವಾಗುತ್ತದೆ.

ಎಲ್ಲವೂ ಹೀಗೆ ನಡೆಯುವುದಿಲ್ಲ, ನಿಜ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವರಿಗೆ ವ್ಯಾಕರಣ, ಪ್ರಬಂಧಗಳಿಗೆಂದು ಪ್ರತ್ಯೇಕವಾಗಿ ಒಂದು ಗಂಟೆ ಬೇಕೇ ಬೇಕು, ಅದನ್ನು ಕೊಡುತ್ತೇನೆ. ಹರೆಯದವರು ತಮ್ಮೊಳಗಿನ ನೋವಿನ ಬಗ್ಗೆ ಬರೆದದ್ದನ್ನು ಚಿಕ್ಕವರ ಮುಂದೆ ಓದಲು ಒತ್ತಾಯಿಸುವುದೂ ತಪ್ಪು.

ಮೊನ್ನೆ ಆ 13ರ ಹುಡುಗಿ 7ರ ಹುಡುಗನ ಕಥೆ ಬರೆದುಕೊಳ್ಳುತ್ತಿದ್ದಳು. ಅವನು "ಓತಿ ಹಾರೋಯ್ತು" ಎಂದ. ಅವಳು "ಹಾರಿಹೋಯಿತು" ಎಂದು ಬರೆದು ಓದಿ ಹೇಳಿದಳು. "ನಾನು ಹಂಗಂದಿಲ್ಲ, ನೀನು ಹೇಳಿದ್ದು ನಿಧಾನಕ್ಕೆ ಹಾರತ್ತೆ, ನಂದು ಜೋರಾಗಿ ಹಾರೋಯ್ತು" ಎಂದು ಅವನು ಹಟ ಹಿಡಿದ. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳು ಹೊಡೆದುಹಾಕಿ, ಒತ್ತಕ್ಷರಕ್ಕೆ ಎರಡು ಸಲ ತಡವರಿಸಿ, ಅವನು ಹೇಳಿದಂತೆಯೇ ಬರೆದಳು.