ಗೇಮಿಂಗ್ ಮದರ್‌ಬೋರ್ಡಿನ ಗಾಳಿ ಮತ್ತು ದನಿ

ಗೇಮಿಂಗ್ ಮದರ್‌ಬೋರ್ಡುಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಗುಣಗಳಲ್ಲಿ ಫ್ಯಾನ್ ನಿಯಂತ್ರಣ ಮತ್ತು ಬೋರ್ಡಿನಲ್ಲೇ ಅಡಕವಾದ ಆಡಿಯೊ ಮುಖ್ಯವಾದವು. ಮೊದಲನೆಯದು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆದರೆ ತಿದ್ದಿಕೊಂಡರೆ ಮಾತ್ರ. ಎರಡನೆಯದರಲ್ಲಿ ಅಲಂಕಾರವೇ ಹೆಚ್ಚು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಬಿಸಿಲು ಮತ್ತು ಧೂಳಿನಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಮೂರು ಪಿನ್ನಿನ ಫ್ಯಾನಿನ ವೇಗವನ್ನು ಬೋರ್ಡು ವೋಲ್ಟೇಜ್ ಇಳಿಸಿ ತಗ್ಗಿಸುತ್ತದೆ. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಹಾಗೆಯೇ ಸಿಗುತ್ತದೆ. ವೇಗದ ಆಜ್ಞೆ ನಾಲ್ಕನೆಯ ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್ ಮಿಡಿತವಾಗಿ ಹೋಗುತ್ತದೆ. ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆಯನ್ನು ಬಯಾಸ್‌ನಲ್ಲಿ ಎಳೆಯಬೇಕು. ಕಂಪನಿ ಎಳೆದು ಕಳಿಸುವ ಗೆರೆ ತಂಪು ಕೋಣೆಯನ್ನು ನೆಚ್ಚಿಕೊಂಡದ್ದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಈ ಊರುಗಳಲ್ಲಿ ಬ್ರೌಸರ್ ತೆರೆದರೂ ಸಾಕು, ಪ್ರೊಸೆಸರಿನ ಬಿಸಿ ಒಂದು ಕ್ಷಣ ಜಿಗಿಯುತ್ತದೆ, ಫ್ಯಾನು ಭರ್ರೆಂದು ಏರಿ ಮತ್ತೆ ಇಳಿಯುತ್ತದೆ. 65 ಡಿಗ್ರಿಯವರೆಗೆ ಗೆರೆಯನ್ನು ಮಟ್ಟಸವಾಗಿಟ್ಟು ಆಮೇಲೆ ಕಡಿದಾಗಿ ಏರಿಸಿದರೆ, ವೇಗ ಏರಲು ಕೆಲವು ಸೆಕೆಂಡು ತಡೆ ಕೊಟ್ಟರೆ ಈ ರಗಳೆ ಬಹುಪಾಲು ನಿಲ್ಲುತ್ತದೆ.

ದೊಡ್ಡ ಕೊರತೆ ಬೇರೆಯಿದೆ. ಆಟವಾಡುವಾಗ ಪೆಟ್ಟಿಗೆಯ ಬಿಸಿಯಲ್ಲಿ ಹೆಚ್ಚಿನ ಪಾಲು ಗ್ರಾಫಿಕ್ಸ್ ಕಾರ್ಡಿನದು, ಆದರೆ ಬಹುತೇಕ ಬಯಾಸ್‌ಗಳು ಪ್ರೊಸೆಸರು ಮತ್ತು ಬೋರ್ಡಿನ ಬಿಸಿಯನ್ನಷ್ಟೇ ಓದುತ್ತವೆ. ಕಾರ್ಡು ಕುದಿಯುತ್ತಿದ್ದರೂ ಪೆಟ್ಟಿಗೆಯ ಫ್ಯಾನು ನಿಧಾನವಾಗಿಯೇ ತಿರುಗುತ್ತಿರಬಹುದು. ಬಣ್ಣದ ದೀಪಗಳಿಗೆ ಇಷ್ಟೊಂದು ಜಾಗ ಕೊಡುವ ಬೋರ್ಡುಗಳು ಇದನ್ನು ಇನ್ನೂ ಸರಿಪಡಿಸದಿರುವುದು ಸೋಜಿಗ. ದುಬಾರಿ ಬೋರ್ಡುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ಉಷ್ಣ ಸಂವೇದಕದ ತಂತಿ ಸಿಕ್ಕಿಸಬಹುದು. ಉಳಿದವುಗಳಿಗೆ ವಿಂಡೋಸ್‌ನೊಳಗಿನ ತಂತ್ರಾಂಶವೇ ಗತಿ.

ಎರೆಮಣ್ಣಿನ ನುಣುಪು ಧೂಳಿಗೆ ಯಾವ ಬಯಾಸ್ ಗೆರೆಯೂ ಉತ್ತರವಲ್ಲ. ಹೊರದೂಡುವುದಕ್ಕಿಂತ ಒಳಸೆಳೆಯುವ ಗಾಳಿ ತುಸು ಹೆಚ್ಚಿದ್ದು, ಅದು ಜಾಲರಿಯ ಮೂಲಕವೇ ಬಂದರೆ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಜಾಲರಿ ತೊಳೆಯದಿದ್ದರೆ ಅದೂ ವ್ಯರ್ಥ.

ಆಡಿಯೊ ವಿಷಯಕ್ಕೆ ಬಂದರೆ, ರಿಯಲ್‌ಟೆಕ್‌ನ ಎಎಲ್‌ಸಿ 1220 ಚಿಪ್‌ಗೆ 120 ಡೆಸಿಬೆಲ್ ಸಂಕೇತ-ಗದ್ದಲ ಅನುಪಾತವೆಂದು ಜಾಹೀರಾತು. ಅದು ಚಿಪ್ಪಿನ ಅಂಕಿ. ಬೋರ್ಡಿನ ಮೇಲೆ ಕೂತ ಮೇಲೆ ಜಾಕಿನವರೆಗೆ ಅಷ್ಟೇ ಉಳಿಯುತ್ತದೆ ಎನ್ನಲಾಗದು. 16 ಬಿಟ್ ಸಂಗೀತಕ್ಕೆ ಬೇಕಾದದ್ದೇ ಸುಮಾರು 96. ಚಿನ್ನದ ಬಣ್ಣದ ಕೆಪ್ಯಾಸಿಟರ್‌ಗಳಿಗಿಂತ ಆಡಿಯೊ ಭಾಗವನ್ನು ಬೋರ್ಡಿನಲ್ಲಿ ಬೇರ್ಪಡಿಸಿರುವ ಗೆರೆ, ಹೆಡ್‌ಫೋನ್ ಆಂಪ್ಲಿಫೈಯರ್ ಇವೇ ಹೆಚ್ಚು ಬೆಲೆಯುಳ್ಳವು. ಮುಂಬದಿಯ ಜಾಕಿಗೆ ಹೋಗುವ ಉದ್ದ ತಂತಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾಯುವುದರಿಂದ ಗದ್ದಲ ಅಲ್ಲಿಂದಲೇ ಸೇರಿಕೊಳ್ಳುವುದುಂಟು. ಹಾಗಾಗಿ ಹಿಂಬದಿಯ ಜಾಕೇ ಮೇಲು.

ಈ ಗದ್ದಲವನ್ನು ಪರೀಕ್ಷಿಸಲು ಆಟದ ಗುಂಡಿನ ಸದ್ದು ಸಾಲದು. ರೋಣ ಮೂಲದ ಭೀಮಸೇನ ಜೋಶಿಯವರ ಖಯಾಲಿನ ಮುದ್ರಿಕೆಯಲ್ಲಿ ತಂಬೂರಿ ಮಾತ್ರ ಕೇಳುವ ಗಳಿಗೆ ಒಳ್ಳೆಯ ಒರೆಗಲ್ಲು: ಆಗ ಮೌಸ್ ಸರಿಸಿದಂತೆ ಬದಲಾಗುವ ಕೀರಲು ಕೇಳಿದರೆ ಅದು ಮುದ್ರಿಕೆಯದಲ್ಲ, ಕಂಪ್ಯೂಟರಿನದು. ಸ್ಪೀಕರಿನಲ್ಲಿ ಎಡೆಬಿಡದ ಗುಂಯ್‌ಗುಡುವಿಕೆಯಿದ್ದರೆ ಮೊದಲು ನೋಡಬೇಕಾದ್ದು ಗೋಡೆಯ ಪ್ಲಗ್ಗಿನ ಅರ್ಥಿಂಗ್. ಅದು ಸರಿಯಿದ್ದೂ ಕೀರಲು ನಿಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಆಡಿಯೊ ಅಡಾಪ್ಟರ್ ಸಾಕು. ಆಡಿಯೊ ಒಂದಕ್ಕೇ ದುಬಾರಿ ಬೋರ್ಡು ಕೊಳ್ಳಲು ಕಾರಣವಿಲ್ಲ. ಆ ಹಣ ಒಂದೆರಡು ಒಳ್ಳೆಯ ಫ್ಯಾನಿಗೆ ಸಲ್ಲುವುದು ಲೇಸು.