ರೊಟ್ಟಿ ಬಡಿಯುವವನು ಎಲ್ಲಿ ಕೂತು ಉಣ್ಣಬೇಕು?

ಹುಡುಗಿ ನೋಡೋಕೆ ಅಂತ ಹೋದ ಗಂಡು, ಹುಡುಗಿಯನ್ನ ಅಲ್ಲೇ ಬಿಟ್ಟು ಆ ಮನೆಯ ಅಡುಗೆಯವನನ್ನ ಕರಕೊಂಡು ಬರ್ತಾನೆ. ಪ್ರಕಾಶ್ ರೈ 2014ರಲ್ಲಿ ನಿರ್ದೇಶಿಸಿ ನಟಿಸಿದ ‘ಒಗ್ಗರಣೆ’ ನೋಡಿದವರಿಗೆ ಇದು ನೆನಪಿರುತ್ತೆ. ಮೊದಲ ಸಲ ನೋಡಿದಾಗ ನಾನು ಥಿಯೇಟರಿನಲ್ಲಿ ಜೋರಾಗಿ ನಕ್ಕಿದ್ದೆ. ಹೋದ ವರ್ಷ ಎರಡನೇ ಸಲ ನೋಡಿದೆ, ಮನೆಯಲ್ಲಿ, ಎರಡು ಬೆರಳಿಗೆ ಬರ್ನಾಲ್ ಹಚ್ಚಿಕೊಂಡು. ಈ ಸಲ ಅಷ್ಟೊಂದು ನಗು ಬರಲಿಲ್ಲ.

ಬರ್ನಾಲಿಗೆ ಕಾರಣ ಜೋಳದ ರೊಟ್ಟಿ. ನಮ್ಮೂರು ಸವದತ್ತಿ ತಾಲೂಕಿನಲ್ಲಿ, ನವಿಲುತೀರ್ಥದ ಡ್ಯಾಮಿನಿಂದ ತುಸು ದೂರ. ಎರಿ ಹೊಲ, ಹಿಂಗಾರಿ ಬಿಳಿಜೋಳ, ಮೂರು ಹೊತ್ತು ರೊಟ್ಟಿ. ಇಪ್ಪತ್ತೆಂಟು ವರ್ಷ ದಿನಾ ರೊಟ್ಟಿ ತಿಂದವ ನಾನು, ಒಂದು ದಿನವೂ ಹಿಟ್ಟು ಮುಟ್ಟಿದವನಲ್ಲ. ಅವಳು ಮೈಸೂರಿನವಳು. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ, ‘ನಿಮ್ಮ ಕಡೆ ರೊಟ್ಟಿ ಹಂಚಿನಿಂದ ಇಳಿಸಿದ ತಕ್ಷಣ ತಿನ್ನಬೇಕಂತೆ, ಹೌದಾ? ನಾನು ಖಾನಾವಳಿಯಲ್ಲಿ ತಿಂದಿದ್ದಷ್ಟೇ’ ಅಂದಳು. ‘ನಾನೇ ಮಾಡಿ ಹಾಕ್ತೀನಿ ಬಾ’ ಅಂದುಬಿಟ್ಟೆ. ಯಾಕೆ ಅಂದೆ ಅಂತ ನೀವು ಕೇಳಬೇಡಿ, ಆ ವಯಸ್ಸಿನವರೇ ಇದನ್ನ ಓದ್ತಿರೋದು.

ಚಪಾತಿ ಆಗಿದ್ದರೆ ಹೇಗೋ ಪಾರಾಗ್ತಿದ್ದೆ. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರು ಹಾಕಿ ನಾದಿದರೂ ಹಿಟ್ಟು ಹಿಡಕೊಳ್ಳುತ್ತೆ, ಲಟ್ಟಣಿಗೆಗೆ ಎಳೆದ ಕಡೆ ಬರುತ್ತೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತಲ್ಲ, ಆ ಅಂಟೇ ರೊಟ್ಟಿಯನ್ನ ಹಿಡಿದಿಡುವುದು. ಎಸರು ಸ್ವಲ್ಪ ಆರಿದ್ದರೂ ಬಡಿಯುವಾಗ ಅಂಚು ಒಡೆಯುತ್ತೆ, ಎತ್ತುವಾಗ ನಡುವೆ ಹರಿಯುತ್ತೆ. ಹಿಟ್ಟು ಹಳೆಯದಾಗಿದ್ದರೂ ಅದೇ ಕತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಮೊದಲ ದಿನ ಗೊತ್ತಿದ್ದದ್ದು ವಿಡಿಯೋ ಕಾಲಿನಲ್ಲಿದ್ದ ಅವ್ವನ ಮುಖ ಮಾತ್ರ.

‘ಎಸರು ಕುದ್ದಿಲ್ಲೋ ತಮ್ಮಾ. ಹಂಗ ಹಾಕಿದ್ರ ಹರೀತಾವ.’

‘ನೀರು ಎಷ್ಟು ಹಾಕ್ಲಿ ಅಂತ ಅಳತಿ ಹೇಳವ್ವಾ.’

‘ಅಳತಿ ಎಲ್ಲೈತಿ? ಕೈಗೆ ಗೊತ್ತಾಗತೈತಿ.’

ನನ್ನ ಕೈಗೆ ಗೊತ್ತಾಗಿದ್ದು ಬಿಸಿ ಮಾತ್ರ. ಹನ್ನೊಂದು ರೊಟ್ಟಿ ಬಡಿದೆ, ಹಂಚಿನವರೆಗೆ ಇಡಿಯಾಗಿ ಹೋದದ್ದು ಎರಡು. ಮೂರು ವಾರ ದಿನಾ ರಾತ್ರಿ ಇದೇ ಕೆಲಸ. ಕೆಳಗಿನ ಮನೆಯವರು ಒಂದು ದಿನ ಬಂದು, ‘ಮೇಲೆ ಏನಾದ್ರೂ ಕಾರ್ಪೆಂಟರ್ ಕೆಲಸ ನಡೀತಿದ್ಯಾ?’ ಅಂತ ವಿಚಾರಿಸಿ ಹೋದರು.

ಆ ಮೂರು ವಾರಗಳಲ್ಲಿ ಧೈರ್ಯಕ್ಕೆ ಅಂತ ನೋಡಿದ್ದು ‘ಒಗ್ಗರಣೆ’. ಮಲಯಾಳಂನಲ್ಲಿ ಆಶಿಕ್ ಅಬು 2011ರಲ್ಲಿ ಮಾಡಿದ ‘ಸಾಲ್ಟ್ ಅಂಡ್ ಪೆಪ್ಪರ್’ ಅದರ ಮೂಲ. ಪ್ರಕಾಶ್ ರೈ ಅದನ್ನ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಒಟ್ಟಿಗೆ ಮಾಡಿದರು. ಕತೆ ಗೊತ್ತೇ ಇದೆ. ಕಾಳಿದಾಸ ಪುರಾತತ್ವ ಇಲಾಖೆಯವ, ವಯಸ್ಸಾಗ್ತಾ ಬಂದರೂ ಮದುವೆ ಇಲ್ಲ, ನಾಲಿಗೆ ಬಹಳ ಚುರುಕು. ಗೌರಿ ಡಬ್ಬಿಂಗ್ ಕಲಾವಿದೆ, ಅವಳಿಗೂ ಮದುವೆ ಇಲ್ಲ. ದೋಸೆ ಆರ್ಡರ್ ಮಾಡೋಕೆ ಹೋಗಿ ತಪ್ಪು ನಂಬರಿಗೆ ಫೋನ್ ಹೋಗುತ್ತೆ, ಜಗಳ ಆಗುತ್ತೆ, ಜಗಳ ಅಡುಗೆ ಮಾತಾಗುತ್ತೆ, ಅಡುಗೆ ಮಾತು ಪ್ರೀತಿಯಾಗುತ್ತೆ. ಮುಖ ತೋರಿಸೋಕೆ ಇಬ್ಬರಿಗೂ ಅಂಜಿಕೆ. ಇವನು ತನ್ನ ಬದಲಿಗೆ ಸೋದರಳಿಯನನ್ನ ಕಳಿಸ್ತಾನೆ, ಅವಳು ತನ್ನ ಜೊತೆಯವಳನ್ನ.

ಈ ಸಿನಿಮಾದ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಜಯಂತ ಕಾಯ್ಕಿಣಿ ಬರೆದು ಕೈಲಾಶ್ ಖೇರ್ ಹಾಡಿದ ಆ ತಿಂಡಿ ತಿನಿಸಿನ ಹಾಡು ಕೇಳಿದರೆ ಹೊಟ್ಟೆ ತುಂಬಿದ್ದರೂ ಹಸಿವಾಗುತ್ತೆ. ನಲವತ್ತು ದಾಟಿದವರ ಒಂಟಿತನವನ್ನ ಗೇಲಿ ಮಾಡದೆ ತೋರಿಸಿದ ಕನ್ನಡ ಸಿನಿಮಾಗಳು ಎಷ್ಟಿವೆ ಹೇಳಿ? ತಿನ್ನುವುದರಲ್ಲಿ ನಾಚಿಕೆ ಪಡದ ಹೆಂಗಸೊಬ್ಬಳನ್ನ ನಾಯಕಿ ಮಾಡಿದ್ದೂ ಸಣ್ಣ ಮಾತಲ್ಲ. ಸ್ನೇಹಾ ಆ ಪಾತ್ರವನ್ನ ಸಂಕೋಚವಿಲ್ಲದೆ ಮಾಡಿದ್ದಾರೆ.

ಆದರೆ ಕಲಿಯುವವನಿಗೆ ಆ ಸಿನಿಮಾದಲ್ಲಿ ಜಾಗ ಇಲ್ಲ. ಅಲ್ಲಿ ರುಚಿ ಬಲ್ಲವರು ಮೊದಲಿನಿಂದಲೇ ಬಲ್ಲವರು. ಮನೆಯ ನಿತ್ಯದ ಅಡುಗೆಗೆ ಆ ಕರಕೊಂಡು ಬಂದ ಅಡುಗೆಯವ ಇದ್ದಾನೆ. ನಾಯಕನ ಅಡುಗೆ ಏನಿದ್ದರೂ ಮಾತಾಡೋಕೆ, ನೆನಪಿಸಿಕೊಳ್ಳೋಕೆ, ಪ್ರೀತಿಸೋಕೆ. ಪಾತ್ರೆ ತಿಕ್ಕೋದು ಅವನ ಇಲಾಖೆ ಅಲ್ಲ. (ಮಲಯಾಳಂನಲ್ಲಿ ಅಡುಗೆಯವನ ಪಾತ್ರ ಮಾಡಿದ್ದ ಬಾಬುರಾಜ್ 2021ರಲ್ಲಿ ತಾವೇ ನಿರ್ದೇಶಕರಾಗಿ, ಆ ಅಡುಗೆಯವನನ್ನೇ ನಡುವೆ ಇಟ್ಟು ‘ಬ್ಲ್ಯಾಕ್ ಕಾಫಿ’ ಅಂತ ಇನ್ನೊಂದು ಸಿನಿಮಾ ಮಾಡಿದರು. ಹತ್ತು ವರ್ಷ ಬಡಿಸಿದವನಿಗೆ ಕೊನೆಗೆ ಕೂರೋಕೆ ಜಾಗ ಸಿಕ್ಕಿತು ಅನ್ನಿ.)

ಇಷ್ಟೇ ಆಗಿದ್ದರೆ ಬರೆಯೋಕೆ ಕೂರ್ತಿರಲಿಲ್ಲ. ನನಗೆ ಹೊಳೆದಿದ್ದು ಬೇರೆ. ಅದು ಸಿನಿಮಾ ನೋಡುವಾಗ ಹೊಳೆದದ್ದಲ್ಲ, ಅವಳು ಊಟಕ್ಕೆ ಬಂದ ಭಾನುವಾರ ಹೊಳೆದದ್ದು.

ಅವಳು ಬಂದಳು. ಎಣಗಾಯಿ ಮೊದಲೇ ಮಾಡಿಟ್ಟಿದ್ದೆ, ಗುರೆಳ್ಳು ಚಟ್ನಿ ಅವ್ವ ಕಳಿಸಿದ್ದು, ಮೊಸರು ಅಂಗಡಿಯದು. ಹಾಲಿನ ಸಣ್ಣ ಟೇಬಲ್ಲಿಗೆ ಎರಡು ತಾಟು ಇಟ್ಟಿದ್ದೆ, ಸಿನಿಮಾದಲ್ಲಿ ಇಡ್ತಾರಲ್ಲ ಹಾಗೆ, ಎದುರುಬದುರು. ಒಳಗೆ ಹೋಗಿ ರೊಟ್ಟಿ ಬಡಿದೆ. ಉಬ್ಬಿತು! ಓಡಿ ಬಂದು ಅವಳ ತಾಟಿಗೆ ಹಾಕಿ, ಓಡಿ ಹೋಗಿ ಎರಡನೇದು ಬಡಿದೆ. ಅದನ್ನ ತಂದು ಹಾಕುವಾಗ ಮೊದಲನೇದು ಮುಗಿದಿತ್ತು. ಮೂರನೇದು. ಒಳಗಿನಿಂದಲೇ ‘ಹೆಂಗೈತಿ?’ ಅಂತ ಕೂಗಿದೆ. ಹೊರಗಿನಿಂದ ‘ತುಂಬಾ ಚೆನ್ನಾಗಿದೆ’ ಅಂತ ಬಂತು. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಯಾವಾಗ ಬರ್ತೀಯ?’

‘ಇಗಾ ಬಂದೆ, ಇನ್ನೊಂದ ರೊಟ್ಟಿ.’

ಅಂದವನು ಅಲ್ಲೇ ನಿಂತೆ. ಈ ಮಾತು ನಾನು ಕಲಿತದ್ದಲ್ಲ, ಕೇಳಿದ್ದು. ನಮ್ಮ ಅಡುಗೆಮನೆಯಿಂದ, ಒಲೆ ಮುಂದಿನಿಂದ, ನನಗೆ ನೆನಪು ಬಂದಾಗಿನಿಂದ. ಅಪ್ಪ, ನಾನು, ತಮ್ಮ ಕೂತು ಉಣ್ಣುವಾಗ ಅವ್ವ ಹೇಳ್ತಿದ್ದ ಮಾತು. ನಾವು ಎದ್ದು ಕೈ ತೊಳೆದ ಮೇಲೆ ಅವಳು ಉಣ್ಣುತ್ತಿದ್ದಳು, ಆರಿದ ರೊಟ್ಟಿ. ನಾನು ನೋಡಿದ ಹಾಗೆ ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಮನೆಯೊಳಗೆ ಒಟ್ಟಿಗೆ ಕೂತು ಬಿಸಿ ರೊಟ್ಟಿ ತಿಂದಿಲ್ಲ. ಅಪ್ಪ ಕೆಟ್ಟವನಲ್ಲ. ರೊಟ್ಟಿಯ ರೀತಿಯೇ ಹಾಗಿದೆ: ಬಡಿಯುವವರು ಒಲೆ ಮುಂದೆ, ತಿನ್ನುವವರು ತಾಟಿನ ಮುಂದೆ. ಯಾವ ಕಡೆ ಯಾರು ಅನ್ನೋದನ್ನ ಮಾತ್ರ ರೊಟ್ಟಿ ನಿರ್ಧರಿಸಿಲ್ಲ.

ಅಡುಗೆಯಿಂದ ಹುಟ್ಟುವ ಪ್ರೇಮಕತೆಗಳನ್ನ ಆಮೇಲೆ ಒಂದೊಂದಾಗಿ ನೆನೆದೆ. ಹೆಚ್ಚಿನವುಗಳಲ್ಲಿ ಮಾಡುವವರು ಒಂದು ಕಡೆ, ತಿನ್ನುವವರು ಇನ್ನೊಂದು ಕಡೆ. ‘ಒಗ್ಗರಣೆ’ಯ ಪ್ರೀತಿ ಬೆಳೆಯುವುದು ಫೋನಿನಲ್ಲಿ. ಇವನ ಅಡುಗೆಮನೆ ಬೇರೆ, ಅವಳ ಅಡುಗೆಮನೆ ಬೇರೆ. ಇಬ್ಬರೂ ಒಂದೇ ಕಡೆ ಬಂದಾಗ ಸಿನಿಮಾ ಮುಗಿಯುತ್ತೆ. ರಿತೇಶ್ ಬಾತ್ರಾರ ‘ದಿ ಲಂಚ್‌ಬಾಕ್ಸ್’ (2013) ಇನ್ನೂ ನೇರ. ಇಳಾ ಗಂಡನ ಮನಸ್ಸು ಮತ್ತೆ ತನ್ನ ಕಡೆ ತಿರುಗಲಿ ಅಂತ, ಮೇಲಿನ ಮನೆಯ ದೇಶಪಾಂಡೆ ಆಂಟಿ ಹೇಳಿಕೊಟ್ಟ ಹಾಗೆ ಅಡುಗೆ ಮಾಡಿ ಡಬ್ಬಿ ಕಟ್ಟಿ ಕಳಿಸ್ತಾಳೆ. ಡಬ್ಬಿ ಇನ್ನೊಬ್ಬನ ಮೇಜಿಗೆ ಹೋಗುತ್ತೆ, ಪ್ರೀತಿ ಅಲ್ಲಿ ಹುಟ್ಟುತ್ತೆ. ಅವರಿಬ್ಬರು ಹೋಟೆಲ್ಲಿನಲ್ಲಿ ಸಿಗೋಣ ಅಂದ ದಿನ ಅವನು ದೂರದಿಂದಲೇ ನೋಡಿ ವಾಪಸ್ ಹೋಗ್ತಾನೆ. ಒಂದೇ ಟೇಬಲ್ಲಿಗೆ ಅವರು ಬರೋದೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ನಳ. ಗಂಡಸು ಚೆನ್ನಾಗಿ ಅಡುಗೆ ಮಾಡಿದರೆ ‘ನಳಪಾಕ’ ಅಂತೀವಿ (‘ದಮಯಂತಿಪಾಕ’ ಅಂತ ಯಾರೂ ಅಂದದ್ದು ಕೇಳಿಲ್ಲ, ಅವಳು ಮಾಡಿದ್ದರೆ ಅದು ಬರೀ ಅಡುಗೆ). ಮಹಾಭಾರತದ ವನಪರ್ವದಲ್ಲಿ ರೂಪ ಕೆಟ್ಟು ಬಾಹುಕನಾಗಿರುವ ನಳ ಮಾಡಿದ ಅಡುಗೆಯನ್ನ ದಮಯಂತಿ ಸಖಿ ಕೇಶಿನಿಯ ಕೈಲಿ ತರಿಸಿಕೊಂಡು ರುಚಿ ನೋಡ್ತಾಳೆ, ಇದು ನಳನದೇ ಅಂತ ಗುರುತು ಹಿಡಿಯುತ್ತಾಳೆ. ಅಡುಗೆ ಮಾಡಿ ಮೆಚ್ಚಿಸಲು ಹೊರಟವರೆಲ್ಲ ಈ ಕತೆಯನ್ನ ಪ್ರೇಮದ ಮಾತಾಗಿ ಹೇಳ್ತಾರೆ. ಎರಡು ವಿಷಯ ಬಿಟ್ಟುಬಿಡ್ತಾರೆ. ಒಂದು, ಅವಳಿಗೆ ಗುರುತು ಸಿಕ್ಕಿದ್ದು ಹಿಂದೆ ಎಷ್ಟೋ ಸಲ ಅವನ ಕೈಯಡುಗೆ ತಿಂದಿದ್ದರಿಂದ. ಮೊದಲ ಸಲಕ್ಕೆ ಯಾರ ಕೈರುಚಿಯೂ ಯಾರಿಗೂ ಗುರುತು ಸಿಗಲ್ಲ. ಇನ್ನೊಂದು, ಅವಳು ತಿನ್ನುವಾಗ ಅವನು ಎದುರಿಗೆ ಇಲ್ಲ.

ಹಾಗಾದರೆ ಮಾಡುವವರು, ತಿನ್ನುವವರು ಒಂದೇ ಮನೆಯಲ್ಲಿದ್ದರೆ ಏನಾಗುತ್ತೆ? ಜಿಯೋ ಬೇಬಿ 2021ರಲ್ಲಿ ಮಾಡಿದ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಆಗುತ್ತೆ. ಗಂಡಸರು ಉಂಡು ಎದ್ದ ಟೇಬಲ್ಲು, ಅಗಿದು ಉಗಿದ ನುಗ್ಗೇಕಾಯಿ ಸಿಪ್ಪೆ, ಅದೇ ಟೇಬಲ್ಲಿನಲ್ಲಿ ಆಮೇಲೆ ಕೂರುವ ಅತ್ತೆ ಸೊಸೆ. ಆ ಸಿನಿಮಾ ಬಂದಾಗ ನಮ್ಮಲ್ಲಿ ಬಹಳ ಜನ ಗಂಡನ ಪಾತ್ರಕ್ಕೆ ಬೈದು ಸುಮ್ಮನಾದೆವು, ನಾನೂ ಸೇರಿ. ಅಂಥ ಗಂಡ ನಾವಲ್ಲ ಅಂತ ಸಮಾಧಾನ ಮಾಡಿಕೊಂಡೆವು. ‘ಒಗ್ಗರಣೆ’ಯ ಕಾಳಿದಾಸ ನಾವು ಅಂದುಕೊಂಡೆವು. ಆದರೆ ಈ ಎರಡು ಸಿನಿಮಾ ಬೇರೆ ಬೇರೆ ಲೋಕದವಲ್ಲ. ಮೊದಲನೆಯದು ಮುಗಿದ ಮರುದಿನ ಬೆಳಗ್ಗೆ ಎರಡನೆಯದು ಶುರುವಾಗಬಹುದು, ಅಷ್ಟು ಹತ್ತಿರ. ‘ಒಗ್ಗರಣೆ’ ಬಗ್ಗೆ ನನ್ನ ತಕರಾರು ಇಷ್ಟೇ: ಪ್ರೀತಿಯನ್ನ ಅಡುಗೆಯಲ್ಲಿ ಇಟ್ಟಿದೆ, ಊಟಕ್ಕೆ ಯಾರು ಯಾರ ಜೊತೆ ಯಾವಾಗ ಕೂರ್ತಾರೆ ಅನ್ನೋದನ್ನ ಕತೆಯ ಆಚೆಗೆ ಬಿಟ್ಟಿದೆ.

ಆ ಭಾನುವಾರ ಅವಳು ತಾಟು ಎತ್ತಿಕೊಂಡು ಅಡುಗೆಮನೆಗೇ ಬಂದು ಕಟ್ಟೆ ಪಕ್ಕ ನಿಂತಳು. ‘ನಿನ್ನ ರೊಟ್ಟಿ ಚೆನ್ನಾಗಿದೆ ಕಣೋ, ಆದ್ರೆ ನಾನು ನಿನ್ನ ಜೊತೆ ಊಟ ಮಾಡೋಕೆ ಬಂದಿದ್ದು’ ಅಂದಳು. ಬೇಜಾರಿನಿಂದ ಅಂದದ್ದಲ್ಲ. ನನಗೆ ಮಾತ್ರ ಕೈ ಸುಟ್ಟದ್ದಕ್ಕಿಂತ ಜಾಸ್ತಿ ಉರಿಯಿತು, ಯಾಕಂದ್ರೆ ಅವ್ವನಿಗೆ ಈ ಮಾತು ನಾವ್ಯಾರೂ ಅಂದಿರಲಿಲ್ಲ.

ಅದಕ್ಕೆ ಉಪಾಯ ನಮ್ಮೂರಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಖಡಕ್ ರೊಟ್ಟಿ. ಜೋಳದ ಹಿಟ್ಟು ಅದೇ, ಎಸರು ಅದೇ, ಬಡಿಯೋದು ಮಾತ್ರ ಇನ್ನೂ ತೆಳ್ಳಗೆ. ಬೆಂದ ಮೇಲೆ ಸಣ್ಣ ಉರಿಯಲ್ಲಿ ಒಣಗಲು ಬಿಟ್ಟರೆ ಹಪ್ಪಳದ ಹಾಗೆ ಆಗುತ್ತೆ, ವಾರಗಟ್ಟಲೆ ಇರುತ್ತೆ. ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಹೂಡಿಕೊಂಡು ಬರುವವರ ಬುತ್ತಿಯಲ್ಲಿ ಇದೇ ಇರುತ್ತಿತ್ತು. ಶೀಗಿ ಹುಣ್ಣಿವಿಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋದಾಗಲೂ ಇದೇ. ಅಲ್ಲಿ ಒಲೆ ಇಲ್ಲ, ಬಡಿಯೋದಿಲ್ಲ, ‘ಇಗಾ ಬಂದೆ’ ಇಲ್ಲ. ಎಲ್ಲ ಮೊದಲೇ ಮಾಡಿ ಕಟ್ಟಿಕೊಂಡು ಹೋಗಿರ್ತಾರೆ. ಬನ್ನಿಗಿಡದ ಕೆಳಗೆ ಅಪ್ಪ, ಅವ್ವ, ನಾವು, ಆಳುಗಳು, ಎಲ್ಲರೂ ಒಂದೇ ಸಲ ಕೂತು ಉಣ್ಣುತ್ತಿದ್ದೆವು. ವರ್ಷದಲ್ಲಿ ಅವ್ವ ನಮ್ಮ ಜೊತೆ ಕೂತು ಉಂಡ ದಿನ ಅಂತ ನನಗೆ ನೆನಪಿರೋದು ಅದೊಂದೇ. ಹೊಲದ ಊಟ ಯಾಕೆ ಅಷ್ಟು ರುಚಿ ಅಂತ ಚಿಕ್ಕವರಿದ್ದಾಗ ಕೇಳುತ್ತಿದ್ದೆವು. ಗಾಳಿಗೆ ಅಂತ ಅಪ್ಪ ಹೇಳುತ್ತಿದ್ದ.

ಖಡಕ್ ರೊಟ್ಟಿ ಕಲಿಯೋಕೆ ಇನ್ನೂ ಎರಡು ತಿಂಗಳು ಹಿಡಿಯಿತು. ತೆಳ್ಳಗೆ ಬಡಿದಷ್ಟೂ ಹರಿಯುತ್ತೆ. ನವರಾತ್ರಿ ರಜೆಗೆ ಇಬ್ಬರೂ ಊರಿಗೆ ಹೊರಟಾಗ ಹದಿನೈದು ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಅರಿವಿಯಲ್ಲಿ ಕಟ್ಟಿಕೊಂಡೆ. ಬಸ್ಸಿನಲ್ಲಿ ಅರ್ಧ ಪುಡಿಯಾದವು. ಊರಿಗೆ ಹೋಗುವ ಮೊದಲು ನವಿಲುತೀರ್ಥದಲ್ಲಿ ಇಳಿದೆವು. ಎರಡು ಗುಡ್ಡದ ನಡುವೆ ಮಲಪ್ರಭೆಯನ್ನ ತಡೆದು ನಿಲ್ಲಿಸಿದ ಜಾಗ ಅದು. ಹಿಂದೆ ರೇಣುಕಾ ಸಾಗರದ ನೀರು ಕಣ್ಣು ಹಾಯುವಷ್ಟು ದೂರ. ನೆರಳು ನೋಡಿ ಬಂಡೆ ಮೇಲೆ ಕೂತು ಗಂಟು ಬಿಚ್ಚಿದೆವು. ಇಬ್ಬರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದೆವು. ಅವಳು ರೊಟ್ಟಿ ಮುರಿಯುವ ಸಪ್ಪಳಕ್ಕೆ ನಗುತ್ತಾ, ‘ಇದರಲ್ಲಿ ಮಾತಾಡೋಕೆ ಆಗಲ್ವಲ್ಲೋ’ ಅಂದಳು.

ಸಂಜೆ ಮನೆಯಲ್ಲಿ ಅವ್ವನನ್ನ ಕೂರಿಸಿ ನಾನು ಒಲೆ ಮುಂದೆ ಕೂತೆ. ‘ನಾ ಯಾಕ ಮೊದಲ ಕುಂದ್ರಲಿ, ನಿಮ್ಮಪ್ಪಗ ಹಾಕು’ ಅಂದಳು. ‘ಅಪ್ಪಗೂ ಹಾಕ್ತೀನಿ, ಬಾಜೂಕ ಕುಂದ್ರ’ ಅಂದೆ. ಅಪ್ಪ ಏನೂ ಅನ್ನದೆ ಸರಿದು ಜಾಗ ಬಿಟ್ಟ. ಮೊದಲನೇ ರೊಟ್ಟಿ ಅವ್ವ ಮುರಿದು ಬಾಯಿಗಿಟ್ಟಳು, ನನ್ನನ್ನ ನೋಡಿದಳು, ಪರಾತದಲ್ಲಿದ್ದ ಹಿಟ್ಟು ನೋಡಿದಳು. ಎರಡನೇದು ನಾನು ಬಡಿಯುತ್ತಿರುವಾಗ ತಾಟು ಬಿಟ್ಟು ಎದ್ದು ಬಂದಳು.

‘ನಿನ್ನ ಎಸರು ಇನ್ನೂ ಕುದ್ದಿಲ್ಲ. ಸರಿ ಅತ್ಲಾಗ.’