ಗಣಿತಸಾರಸಂಗ್ರಹದ ಒಂದು ಸಂಖ್ಯಾಮಾಲೆ

ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಕ್ರಿ. ಶ. ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ರಂಗಾಚಾರ್ಯರು ೧೯೧೨ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡಾನುವಾದವು ೨೦೦೦ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಹೊರಬಂದಿತು. ಸಂಸ್ಕೃತವರಿಯದ ವಾಚಕರಿಗೂ ಗ್ರಂಥವು ಹೀಗೆ ಎಟುಕುವಂತಾಯಿತು. ಆದರೂ ಅದರ ಗುಣಾಕಾರದ ಉದಾಹರಣೆಗಳಲ್ಲಿ ಬರುವ ಸಂಖ್ಯಾಮಾಲೆಗಳನ್ನು ಚಮತ್ಕಾರವೆಂದು ಹೊಗಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಈ ಹೊಗಳಿಕೆಯು ಗ್ರಂಥಕರ್ತನಿಗೆ ನ್ಯಾಯವನ್ನು ಸಲ್ಲಿಸದೆಂಬುದು ನಮ್ಮ ಅಭಿಪ್ರಾಯ.

ಒಂದು ಮಾಲೆಯನ್ನು ಪರೀಕ್ಷಿಸೋಣ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಲಬ್ಧವಾಗುವುದು. ಅಂಕಗಳು ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವುವು. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆಯೊಂದೇ. ಕಾರಣವೇನೆಂದರೆ, ಇದು ೧೧೧೧೧೧ರ ವರ್ಗ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುವುವು. ನಡುವಣ ಸ್ಥಾನದಲ್ಲಿ ಮಾತ್ರ ಆರೂ ಒಂದುಗಳು ಕೂಡುವುವು. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವು ಮುಂದಿನ ಸ್ಥಾನಕ್ಕೆ ಹೋಗದು, ಮಾಲೆಯು ಕೆಡದು. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳ ವರ್ಗವಾದರೋ ೧೨೩೪೫೬೭೯೦೦೯೮೭೬೫೪೩೨೧. ಅಲ್ಲಿ ಮಾಲೆಯು ಹರಿದುಹೋಗುವುದು.

ಒಂಬತ್ತರವರೆಗೆ ಅವಕಾಶವಿರುವಾಗ ಆಚಾರ್ಯನು ಆರಕ್ಕೇ ನಿಂತುದೇಕೆ? ಐದು ಒಂದುಗಳ ಸಂಖ್ಯೆಗೆ ೪೧, ೨೭೧ ಎಂಬ ಎರಡೇ ಅವಿಭಾಜ್ಯ ಅಪವರ್ತನಗಳು. ಏಳು ಒಂದುಗಳ ಸಂಖ್ಯೆಗೆ ೨೩೯, ೪೬೪೯ ಎಂಬ ಎರಡೇ. ೧೧೧೧೧೧ಕ್ಕಾದರೋ ೩, ೭, ೧೧, ೧೩, ೩೭ ಎಂಬ ಐದು ಸಣ್ಣ ಅಪವರ್ತನಗಳಿವೆ. ಮೊದಲೆರಡರ ಗುಣಲಬ್ಧ ೨೧. ಉಳಿದ ಮೂರರದು ೫೨೯೧. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಗುಣ್ಯ ಗುಣಕಗಳೆರಡೂ ಹೀಗೆ ವರ್ಗಗಳಾಗಿರುವುದನ್ನು ಆಕಸ್ಮಿಕವೆನ್ನುವುದು ಕಷ್ಟ. ಉತ್ತರವನ್ನು ಮೊದಲು ಕಂಡು, ಅದನ್ನು ಒಡೆದು, ಬಳಿಕ ಪ್ರಶ್ನೆಯನ್ನು ಕಟ್ಟಿದಂತೆ ತೋರುತ್ತದೆ. ೧೫೨೨೦೭ನ್ನು ೭೩ರಿಂದ ಗುಣಿಸಿ ಎಂಟು ಒಂದುಗಳನ್ನು ಪಡೆಯುವ ಆತನ ಇನ್ನೊಂದು ಉದಾಹರಣೆಯೂ ಇದನ್ನೇ ಸೂಚಿಸುತ್ತದೆ: ಎಂಟು ಒಂದುಗಳ ಅಪವರ್ತನಗಳು ೧೧, ೭೩, ೧೦೧, ೧೩೭, ಅವುಗಳಲ್ಲಿ ೭೩ನ್ನು ಬಿಟ್ಟು ಉಳಿದವುಗಳ ಗುಣಲಬ್ಧವೇ ೧೫೨೨೦೭. ಇದು ಅನುಮಾನವೇ ಹೊರತು ಗ್ರಂಥದ ಮಾತಲ್ಲ. ಆದರೆ ಸಂಖ್ಯೆಗಳೇ ಇದಕ್ಕೆ ಸಾಕ್ಷಿ ನುಡಿಯುತ್ತಿವೆ.

ಕಾವ್ಯದಲ್ಲಿ ಅಲಂಕಾರವು ಅರ್ಥದಿಂದ ಹುಟ್ಟಿತೋ, ಹೊರಗಿನಿಂದ ತೊಡಿಸಿದುದೋ ಎಂದು ವಿಮರ್ಶಕನು ಕೇಳುತ್ತಾನೆ. ಇಂತಹ ಕೆಲವು ಲಬ್ಧಗಳನ್ನು ಕಂಠಾಭರಣವೆಂದು ಕರೆದ ಆಚಾರ್ಯನ ವಿಷಯದಲ್ಲಿಯೂ ಈ ಪ್ರಶ್ನೆಯನ್ನು ಕೇಳಬೇಕಾಗಿದೆ. ಇಲ್ಲಿಯ ಆಭರಣವು ಸಂಖ್ಯೆಯ ಒಳಗುಣದಿಂದಲೇ ಮೂಡಿದುದು. ಶಿವಮೊಗ್ಗ, ಭದ್ರಾವತಿಗಳ ಉಪಾಧ್ಯಾಯರು ತಮ್ಮ ಜಿಲ್ಲೆಯಲ್ಲಿಯೇ ಪ್ರಕಟವಾದ ಈ ಗ್ರಂಥದ ಮಾಲೆಯನ್ನು ಕರಿಹಲಗೆಯ ಮೇಲೆ ಬರೆದು, ಅದನ್ನು ಬಿಡಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಲಿ. ಬೆರಗಿಗಿಂತ ಕಾರಣವನ್ನು ಅರಿತ ಸಂತೋಷವು ಹೆಚ್ಚು ಕಾಲ ನಿಲ್ಲುವುದು.